ಪಾಲಿಕೆ ಸಭೆಯ ವರದಿ ಮತ್ತು ಬೆಂಗಳೂರಿನ ಸ್ಥಳೀಯ ಸುದ್ದಿ: ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ ಮತ್ತು ಅಳತೆಗೋಲು

ಬೆಂಗಳೂರಿನಲ್ಲಿ ಪತ್ರಿಕೆಗಳಿಗೆ ಬರವಿಲ್ಲ. ರಾಜ್ಯಮಟ್ಟದ ಕನ್ನಡ ದಿನಪತ್ರಿಕೆಗಳಲ್ಲಿ ಹೆಚ್ಚಿನವುಗಳ ಮುಖ್ಯ ಕಚೇರಿ ಇಲ್ಲೇ ಇದೆ. ಸಂಜೆ ಪತ್ರಿಕೆಗಳಿವೆ, ಇಪ್ಪತ್ನಾಲ್ಕು ಗಂಟೆಯ ಸುದ್ದಿವಾಹಿನಿಗಳಿವೆ, ಸುದ್ದಿ ಜಾಲತಾಣಗಳಿವೆ. ಇಷ್ಟಿದ್ದರೂ ಊರಿನ ಸುದ್ದಿ ಸೊರಗಿದೆ ಎಂಬ ಮಾತನ್ನು ಓದುಗರು ಆಡುತ್ತಾರೆ, ಹಿರಿಯ ವರದಿಗಾರರೂ ಆಡುತ್ತಾರೆ. ಈ ಮಾತು ನಿಜವೇ ಎಂದು ಪರೀಕ್ಷಿಸಬೇಕಾದರೆ ಮೊದಲು ಅಳತೆಗೋಲೊಂದನ್ನು ಗೊತ್ತುಮಾಡಿಕೊಳ್ಳಬೇಕು. ಭಾಷೆ ಕೆಟ್ಟಿದೆ, ತಲೆಬರಹ ಅಬ್ಬರದ್ದಾಗಿದೆ ಎಂಬ ದೂರುಗಳು ಎಲ್ಲ ಕಾಲದಲ್ಲೂ ಇದ್ದವು. ಅವುಗಳಿಂದ ಏನನ್ನೂ ಸಾಬೀತುಪಡಿಸಲಾಗದು.

ಈ ಟಿಪ್ಪಣಿಯ ಅಳತೆಗೋಲಿನಲ್ಲಿ ಮೂರು ಪ್ರಶ್ನೆಗಳಿವೆ. ನಗರಾಡಳಿತದ ಸುದ್ದಿಯೊಂದನ್ನು ಓದಿ ಮುಗಿಸಿದಾಗ, ನಿರ್ಧಾರ ಕೈಗೊಂಡವರು ಯಾರೆಂದು ತಿಳಿಯುತ್ತದೆಯೇ? ಹಣ ಯಾವ ಬಾಬ್ತಿನಿಂದ ಬಂತು, ಯಾರಿಗೆ ಹೋಯಿತು ಎಂದು ತಿಳಿಯುತ್ತದೆಯೇ? ಆರು ತಿಂಗಳ ನಂತರ ಅದೇ ಸುದ್ದಿಯನ್ನು ಕೈಯಲ್ಲಿ ಹಿಡಿದು, ಹೇಳಿದ್ದು ನಡೆಯಿತೇ ಎಂದು ತಾಳೆ ನೋಡಲು ಬರುತ್ತದೆಯೇ? ಅಪರಾಧ, ಸಿನಿಮಾ, ರಾಜ್ಯ ರಾಜಕಾರಣದ ಸುದ್ದಿಗಳನ್ನು ಇಲ್ಲಿ ಕೈಬಿಟ್ಟಿದ್ದೇನೆ. ರಸ್ತೆ, ಕಸ, ಕೆರೆ, ತೆರಿಗೆ ಮತ್ತು ಇವನ್ನು ನೋಡಿಕೊಳ್ಳುವ ಪಾಲಿಕೆ ಮಾತ್ರ ಇಲ್ಲಿನ ವ್ಯಾಪ್ತಿ.

2. ಸಭೆಯ ವರದಿ ಕೊಡುತ್ತಿದ್ದದ್ದು

ಹಡ್ಸನ್ ವೃತ್ತದ ಕೇಂದ್ರ ಕಚೇರಿಯ ಕೆಂಪೇಗೌಡ ಪೌರಸಭಾಂಗಣದಲ್ಲಿ ನಡೆಯುತ್ತಿದ್ದ ಪಾಲಿಕೆಯ ಮಾಸಿಕ ಸಭೆ ನಗರ ವರದಿಗಾರರಿಗೆ ಬಹುಕಾಲ ಮುಖ್ಯ ಬೀಟ್ ಆಗಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. 2010ರ ಚುನಾವಣೆಯಿಂದ 198 ವಾರ್ಡುಗಳ ಸದಸ್ಯರು ಆ ಸಭೆಯಲ್ಲಿ ಕೂರತೊಡಗಿದರು. ಸಭೆಯಲ್ಲಿ ಗದ್ದಲವಿತ್ತು, ಧರಣಿಯಿತ್ತು, ಪಕ್ಷಗಳ ಕೆಸರೆರಚಾಟವೂ ಇತ್ತು. ಆದರೂ ಅದರ ವರದಿಗೆ ಒಂದು ಸ್ಥಿರವಾದ ಚೌಕಟ್ಟು ಇತ್ತು. ಇಂಥ ವಾರ್ಡಿನ ಇಂಥ ಸದಸ್ಯರು ಕೇಳಿದ ಪ್ರಶ್ನೆ, ಆಯುಕ್ತರು ಕೊಟ್ಟ ಉತ್ತರ, ವಿರೋಧ ಪಕ್ಷದ ನಾಯಕರ ಆಕ್ಷೇಪ, ಕೊನೆಗೆ ಮೇಯರ್ ಕೊಟ್ಟ ಆದೇಶ. ನಾಲ್ಕು ಮಂದಿಯ ಹೆಸರು, ನಾಲ್ಕು ಹೇಳಿಕೆ, ಒಂದು ದಿನಾಂಕ.

ಈ ಚೌಕಟ್ಟಿನಿಂದಾಗಿ ವರದಿಗಾರರು ವಿಶೇಷ ಶ್ರಮ ಹಾಕದಿದ್ದ ದಿನವೂ ಸುದ್ದಿಯಲ್ಲಿ ಎದುರು ದನಿ ಇರುತ್ತಿತ್ತು. ಅಧಿಕಾರಿಯ ಅಂಕಿ ತಪ್ಪಾಗಿದ್ದರೆ ಸದಸ್ಯರೊಬ್ಬರು ಎದ್ದು ನಿಂತು ಹೇಳುತ್ತಿದ್ದರು. ತಿಂಗಳ ನಂತರದ ಸಭೆಯಲ್ಲಿ ಅದೇ ವಿಷಯ ಮತ್ತೆ ಬಂದಾಗ ಹಿಂದಿನ ಭರವಸೆಯನ್ನು ನೆನಪಿಸುವುದು ಸುಲಭವಾಗಿತ್ತು. ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು ಬಜೆಟ್ ಮಂಡಿಸಿದ ಮೇಲೆ ಅದರ ಚರ್ಚೆ ಸುದ್ದಿಯಾಗುತ್ತಿತ್ತು. ಯಾವ ವಾರ್ಡಿಗೆ ಎಷ್ಟು, ಯಾವುದಕ್ಕೆ ಕತ್ತರಿ ಎಂಬುದು ಅದರಿಂದ ಹೊರಬೀಳುತ್ತಿತ್ತು. ಮೇಲಿನ ಮೂರು ಪ್ರಶ್ನೆಗಳಿಗೆ ಇಂಥ ವರದಿಗಳು ಪೂರ್ಣವಾಗಿ ಅಲ್ಲದಿದ್ದರೂ ಬಹುಮಟ್ಟಿಗೆ ಉತ್ತರ ಕೊಡುತ್ತಿದ್ದವು.

3. ಸಭೆಯಿಲ್ಲದ ಐದು ವರ್ಷ

2015ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ಚುನಾವಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಆಡಳಿತ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಬಂತು. 2021–22ರಿಂದ 2025–26ರವರೆಗೆ ಐದು ಬಜೆಟ್‌ಗಳು ಚುನಾಯಿತ ಸಭೆಯ ಚರ್ಚೆಯಿಲ್ಲದೆ ಜಾರಿಯಾದವು. ಕೊನೆಯ ಬಜೆಟ್‌ನ ಗಾತ್ರ ಸುಮಾರು 19,900 ಕೋಟಿ ರೂಪಾಯಿ. 2011ರ ಜನಗಣತಿಯಲ್ಲೇ 84 ಲಕ್ಷ ಜನರಿದ್ದ ಊರಿನ ಹಣ ಇದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗಲೂ ಅವುಗಳಲ್ಲಿ ಚುನಾಯಿತ ಸದಸ್ಯರಿರಲಿಲ್ಲ.

ಪ್ರಜಾಪ್ರಭುತ್ವಕ್ಕೆ ಆದ ಈ ನಷ್ಟದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಸುದ್ದಿಗೆ ಆದ ನಷ್ಟದ ಬಗ್ಗೆ ಅಷ್ಟು ಆಗಿಲ್ಲ. ಸಭೆ ನಿಂತಾಗ ವರದಿಗಾರರು ಕೂತು ಕೇಳುವ ಸಾರ್ವಜನಿಕ ಜಾಗವೇ ನಿಂತುಹೋಯಿತು. ಆ ಜಾಗಕ್ಕೆ ಪತ್ರಿಕಾ ಪ್ರಕಟಣೆ ಬಂತು, ಮುಖ್ಯ ಆಯುಕ್ತರ ತಪಾಸಣೆಯ ಫೋಟೊ ಬಂತು, ವಾಟ್ಸ್‌ಆ್ಯಪ್ ಗುಂಪಿಗೆ ಬೀಳುವ ಹೇಳಿಕೆ ಬಂತು. ಮೂರೂ ಬರುವುದು ಆಡಳಿತದ ಕಡೆಯಿಂದಲೇ.

4. ಒಂದು ಮಾದರಿಯ ಪರಿಶೀಲನೆ: ಗುಂಡಿ ಮುಚ್ಚುವ ಗಡುವು

ಪ್ರತಿ ಮಳೆಗಾಲದಲ್ಲೂ ಬೆಂಗಳೂರಿನ ಪತ್ರಿಕೆಗಳಲ್ಲಿ ತಪ್ಪದೆ ಕಾಣುವ ಸುದ್ದಿಯಿದು. ‘ಇಂತಿಷ್ಟು ದಿನದಲ್ಲಿ ರಸ್ತೆಗುಂಡಿ ಮುಚ್ಚಿ: ಅಧಿಕಾರಿಗಳಿಗೆ ಗಡುವು’. ಒಳಗಿನ ಒಕ್ಕಣೆಯೂ ಬಹುತೇಕ ಒಂದೇ. ಹಿರಿಯ ಅಧಿಕಾರಿಯೋ ಸಚಿವರೋ ಸಭೆ ನಡೆಸಿದರು, ಗರಂ ಆದರು, ಸೂಚನೆ ನೀಡಿದರು, ತಪ್ಪಿದರೆ ಶಿಸ್ತುಕ್ರಮ ಎಂದು ಎಚ್ಚರಿಸಿದರು. ಜೊತೆಗೆ ಮುಚ್ಚಿದ ಗುಂಡಿಗಳ ಸಂಖ್ಯೆ, ಉಳಿದ ಗುಂಡಿಗಳ ಸಂಖ್ಯೆ. ಎರಡನ್ನೂ ಕೊಟ್ಟಿರುವುದು ಎಂಜಿನಿಯರಿಂಗ್ ವಿಭಾಗ.

ಪಾಲಿಕೆಯ ಕೆಲಸ ಬಲ್ಲವರು ಇದೇ ಗುಂಡಿಯ ಬಗ್ಗೆ ಬೇರೆ ಪ್ರಶ್ನೆಗಳನ್ನು ಕೇಳುತ್ತಾರೆ. ಆ ರಸ್ತೆಗೆ ಕೊನೆಯ ಸಲ ಡಾಂಬರು ಹಾಕಿದ್ದು ಯಾವಾಗ, ಕಾಮಗಾರಿಗೆ ಕೊಟ್ಟ ಯಾವ ಜಾಬ್ ಕೋಡ್‌ನಲ್ಲಿ? ಗುತ್ತಿಗೆದಾರರು ಯಾರು? ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯೇ? ಮುಗಿದಿಲ್ಲವೆಂದರೆ ಗುಂಡಿ ಮುಚ್ಚುವ ಖರ್ಚು ಗುತ್ತಿಗೆದಾರರದು. ಪಾಲಿಕೆ ಅದಕ್ಕೆ ಮತ್ತೆ ಹಣ ಕೊಡುವುದೇಕೆ? ಅಳತೆ ಪುಸ್ತಕದಲ್ಲಿ ಎಷ್ಟು ದಪ್ಪದ ಪದರ ಎಂದು ಬರೆದಿದೆ, ರಸ್ತೆಯಲ್ಲಿ ಎಷ್ಟಿದೆ? ಕೆಲಸ ಟೆಂಡರ್ ಮೂಲಕ ಹೋಯಿತೇ, ಅಥವಾ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ನೇರವಾಗಿ ಕೊಡಲಾಯಿತೇ?

ಇವುಗಳಲ್ಲಿ ಯಾವುದೂ ಗುಪ್ತ ಮಾಹಿತಿಯಲ್ಲ. ಎಲ್ಲವೂ ಕಡತದಲ್ಲಿರುವ ವಿವರಗಳು, ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದಾದವು. ಆದರೆ ಒಂದು ರಸ್ತೆಯ ಕಡತ ಬಿಡಿಸಲು ವರದಿಗಾರರಿಗೆ ವಾರಗಳು ಬೇಕು. ಗಡುವಿನ ಸುದ್ದಿ ಬರೆಯಲು ಅರ್ಧ ಗಂಟೆ ಸಾಕು. ನಮ್ಮ ಮೂರು ಪ್ರಶ್ನೆಗಳನ್ನು ಗಡುವಿನ ಸುದ್ದಿಗೆ ಹಾಕಿದರೆ ಒಂದಕ್ಕೂ ಉತ್ತರ ಸಿಗದು. ಸೂಚನೆ ಕೊಟ್ಟವರ ಹೆಸರಿದೆ, ಕಳಪೆ ಕೆಲಸಕ್ಕೆ ಸಹಿ ಹಾಕಿದವರ ಹೆಸರಿಲ್ಲ. ಗುಂಡಿಗಳ ಸಂಖ್ಯೆ ಇದೆ, ರಸ್ತೆಗಳ ಪಟ್ಟಿಯಿಲ್ಲ; ಹಾಗಾಗಿ ಮುಚ್ಚಿದರೋ ಇಲ್ಲವೋ ಎಂದು ತಾಳೆ ನೋಡಲು ಬರುವುದಿಲ್ಲ. ಗಡುವು ಮುಗಿದ ಮರುದಿನ ಏನಾಯಿತೆಂಬ ಸುದ್ದಿ ಅಪರೂಪ. ಮಾತು ಸರಿಯಾಗಿ ವರದಿಯಾಗಿದ್ದರೂ ಓದುಗರ ಕೈಗೆ ದಾಖಲೆ ಸಿಗುವುದಿಲ್ಲ. ಕುಸಿತ ಎಂದು ನಾನು ಕರೆಯುವುದು ಇದನ್ನು.

5. ಕಾರಣಗಳು

ಸಭೆ ನಿಂತದ್ದು ಒಂದು ಕಾರಣ ಮಾತ್ರ. ಅದಕ್ಕೂ ಮೊದಲೇ ಸುದ್ದಿಮನೆಯ ತಳ ಸಡಿಲಗೊಂಡಿತ್ತು.

ಮೊದಲನೆಯದು ಹಣದ ಮೂಲ. ಪತ್ರಿಕೆಯ ಮುಖಬೆಲೆ ಅದನ್ನು ಅಚ್ಚುಹಾಕುವ ಖರ್ಚಿಗೂ ಸಾಲದು. ಉಳಿದದ್ದನ್ನು ಜಾಹೀರಾತು ತುಂಬಬೇಕು. 2019ರ ಜುಲೈ ಬಜೆಟ್‌ನಲ್ಲಿ ಆಮದು ಮುದ್ರಣ ಕಾಗದದ ಮೇಲೆ ಶೇ 10ರಷ್ಟು ಸುಂಕ ಬಿತ್ತು, ಮರುವರ್ಷ ಅದು ಶೇ 5ಕ್ಕೆ ಇಳಿಯಿತು. ಅಷ್ಟರಲ್ಲಿ ಕೋವಿಡ್ ಬಂದು ಜಾಹೀರಾತು ಕುಸಿಯಿತು, ಪುಟಗಳು ತೆಳುವಾದವು. ಬೆಂಗಳೂರಿನಲ್ಲಿ ಮುಖಪುಟದ ಜಾಕೆಟ್ ಜಾಹೀರಾತುಗಳಲ್ಲಿ ಕಟ್ಟಡ ನಿರ್ಮಾಣ ಮತ್ತು ನಿವೇಶನ ವ್ಯವಹಾರದ್ದು ದೊಡ್ಡ ಪಾಲು. ಈ ಊರಿನ ಅತಿ ದೊಡ್ಡ ಸುದ್ದಿಯೂ ಭೂಮಿಯೇ. ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಸದನ ಸಮಿತಿ 2007ರಲ್ಲಿ, ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ 2011ರಲ್ಲಿ ಕೊಟ್ಟ ಒತ್ತುವರಿ ವರದಿಗಳನ್ನು ಸರ್ವೆ ನಂಬರ್ ಹಿಡಿದು ಬೆನ್ನಟ್ಟುವ ಕೆಲಸ ಇಂದಿಗೂ ಮುಗಿದಿಲ್ಲ. ಅನ್ನ ಕೊಡುವ ವ್ಯವಹಾರವನ್ನೇ ತನಿಖೆಗೆ ಒಳಪಡಿಸುವುದು ಯಾವ ಸುದ್ದಿಮನೆಗೂ ಸುಲಭವಲ್ಲ. ಕಾಸಿಗಾಗಿ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ಕೊಟ್ಟ ವರದಿ ಸುದ್ದಿಗೂ ಜಾಹೀರಾತಿಗೂ ನಡುವಿನ ಗೋಡೆ ದೇಶದಾದ್ಯಂತ ಎಷ್ಟು ಬಿರುಕುಬಿಟ್ಟಿದೆ ಎಂಬುದನ್ನು ತೋರಿಸಿತ್ತು.

ಎರಡನೆಯದು ಕೆಲಸದ ಭದ್ರತೆ. ಕಾರ್ಯನಿರತ ಪತ್ರಕರ್ತರಿಗಾಗಿ 1955ರಲ್ಲೇ ಕಾಯ್ದೆ ಬಂದಿತ್ತು. ಮಜೀಥಿಯಾ ವೇತನ ಮಂಡಳಿಯ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಎತ್ತಿಹಿಡಿಯಿತು. ಅಷ್ಟರೊಳಗೆ ಗುತ್ತಿಗೆ ನೇಮಕಾತಿ ರೂಢಿಯಾಗಿತ್ತು. ಪಾಲಿಕೆಯ ಕಡತ ಓದಲು ಕಲಿಯುವುದಕ್ಕೆ ವರ್ಷಗಳು ಬೇಕು. ಅಂದಾಜು ಪಟ್ಟಿ, ಬಾಕಿ ಬಿಲ್ಲಿನ ಜ್ಯೇಷ್ಠತೆ, ಅಕೌಂಟ್ಸ್ ವಿಭಾಗದ ನಡೆ, ಇವು ಒಂದೇ ಬೀಟ್‌ನಲ್ಲಿ ನೆಲೆ ನಿಂತವರಿಗೆ ಮಾತ್ರ ದಕ್ಕುವ ವಿದ್ಯೆ. ಮುಂದಿನ ವರ್ಷದ ನೌಕರಿಯೇ ಖಾತ್ರಿಯಿಲ್ಲದ ವರದಿಗಾರರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯದು ವೇಗ. 2006ರ ಕೊನೆಯಲ್ಲಿ ಶುರುವಾದ ಟಿವಿ9 ಕನ್ನಡದ ಹಿಂದೆಯೇ ಸಾಲಾಗಿ ಸುದ್ದಿವಾಹಿನಿಗಳು ಬಂದವು. ಅವು ಬೆಂಗಳೂರಿನಲ್ಲಿದ್ದರೂ ಬೆಂಗಳೂರಿನ ವಾಹಿನಿಗಳಲ್ಲ, ರಾಜ್ಯದ ವಾಹಿನಿಗಳು. ಜೋರು ಮಳೆ ಬಂದಾಗ ನಗರ ತೆರೆಯ ಮೇಲೆ ಬರುತ್ತದೆ, ನೀರು ಇಳಿದಾಗ ತೆರೆಯಿಂದಲೂ ಇಳಿಯುತ್ತದೆ. ರಾಜಕಾಲುವೆಯ ಕಡತಕ್ಕೆ ಅಲ್ಲಿ ಜಾಗವಿಲ್ಲ.

6. ಬೇರೆಡೆಯ ಅಧ್ಯಯನಗಳು

ಸ್ಥಳೀಯ ವರದಿ ಇಲ್ಲವಾದಾಗ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. 2007ರ ಡಿಸೆಂಬರ್ 31ರಂದು ‘ಸಿನ್ಸಿನಾಟಿ ಪೋಸ್ಟ್’ ಮುಚ್ಚಿತು. ಆ ಪತ್ರಿಕೆಯನ್ನು ಹೆಚ್ಚಾಗಿ ನೆಚ್ಚಿಕೊಂಡಿದ್ದ ಕೆಂಟಕಿಯ ಊರುಗಳಲ್ಲಿ ಆಮೇಲಿನ ಸ್ಥಳೀಯ ಚುನಾವಣೆಗಳಿಗೆ ನಿಲ್ಲುವವರು ಕಡಿಮೆಯಾದರು, ಮತದಾನ ತಗ್ಗಿತು, ಅಧಿಕಾರದಲ್ಲಿದ್ದವರೇ ಮತ್ತೆ ಗೆಲ್ಲುವುದು ಹೆಚ್ಚಿತು ಎಂದು ಅಧ್ಯಯನವೊಂದು ಕಂಡುಕೊಂಡಿತು. ಗಾವೊ, ಲೀ, ಮರ್ಫಿ ಎಂಬ ಮೂವರು ವಿದ್ವಾಂಸರ ಇನ್ನೊಂದು ಅಧ್ಯಯನದ ಪ್ರಕಾರ, ಪತ್ರಿಕೆ ಮುಚ್ಚಿದ ಊರಿನ ನಗರಾಡಳಿತ ಸಾಲಪತ್ರಗಳಿಗೆ ತೆರುವ ಬಡ್ಡಿ 5ರಿಂದ 11 ಬೇಸಿಸ್ ಪಾಯಿಂಟ್‌ಗಳಷ್ಟು (ಒಂದು ಪಾಯಿಂಟ್ ಎಂದರೆ ಶೇ 1ರ ನೂರನೇ ಒಂದು ಭಾಗ) ಏರುತ್ತದೆ.

ಇವನ್ನು ನಮ್ಮ ಊರಿಗೆ ಹಾಗೆಯೇ ಅನ್ವಯಿಸಲಾಗದು. ಭಾರತದಲ್ಲಿ ಮೊದಲು ನಗರಪಾಲಿಕೆ ಬಾಂಡ್ ಹೊರಡಿಸಿದ್ದು ಬೆಂಗಳೂರೇ, 1997ರಲ್ಲಿ. ಆದರೆ ಅದಕ್ಕೆ ರಾಜ್ಯ ಸರ್ಕಾರದ ಖಾತರಿ ಇತ್ತು. ಇಲ್ಲಿನ ಪಾಲಿಕೆ ನಡೆಯುವುದು ಮುಖ್ಯವಾಗಿ ಆಸ್ತಿ ತೆರಿಗೆ ಮತ್ತು ಸರ್ಕಾರದ ಅನುದಾನದಿಂದ. ಜೊತೆಗೆ, ಇಲ್ಲಿ ಪತ್ರಿಕೆಗಳು ಮುಚ್ಚಿಲ್ಲ. ವರದಿಯ ಒಂದು ಬಗೆ ಕ್ಷೀಣಿಸಿದೆ. ಆದರೂ ಈ ಅಧ್ಯಯನಗಳ ತಿರುಳು ನಮಗೂ ಸಲ್ಲುತ್ತದೆ. ನೋಡುವ ಕಣ್ಣು ಇಲ್ಲವಾದಾಗ ಖರ್ಚು ಹೆಚ್ಚುತ್ತದೆ, ಅದನ್ನು ತೆರಿಗೆದಾರರು ತುಂಬುತ್ತಾರೆ.

7. ಎದುರು ನಿದರ್ಶನ

ಕುಸಿತ ತಪ್ಪಿಸಲಾಗದ್ದು ಎನ್ನುವವರು 2022ರ ನವೆಂಬರ್‌ನ ಮತದಾರರ ಮಾಹಿತಿ ಪ್ರಕರಣವನ್ನು ನೋಡಬೇಕು. ಮತದಾರರ ಜಾಗೃತಿಯ ಹೆಸರಿನಲ್ಲಿ ಪಾಲಿಕೆಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯ ಪರವಾಗಿ ಓಡಾಡಿದವರು, ತಾವು ಮತಗಟ್ಟೆ ಅಧಿಕಾರಿಗಳು ಎಂದು ತೋರಿಸಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ್ದನ್ನು ‘ದಿ ನ್ಯೂಸ್ ಮಿನಿಟ್’ ಮತ್ತು ಕನ್ನಡದ ‘ಪ್ರತಿಧ್ವನಿ’ ಜಂಟಿಯಾಗಿ ತಿಂಗಳುಗಟ್ಟಲೆ ತನಿಖೆ ಮಾಡಿ ಪ್ರಕಟಿಸಿದವು. ವರದಿಯಲ್ಲಿ ಅನುಮತಿ ಆದೇಶವಿತ್ತು, ದಿನಾಂಕಗಳಿದ್ದವು, ಕೊಟ್ಟವರು ಯಾರು ಪಡೆದವರು ಯಾರು ಎಂಬುದಿತ್ತು. ಕೆಲವೇ ದಿನಗಳಲ್ಲಿ ಚುನಾವಣಾ ಆಯೋಗ ಅಧಿಕಾರಿಗಳನ್ನು ಅಮಾನತುಗೊಳಿಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯನ್ನು ಮರುಪರಿಶೀಲಿಸಲು ಆದೇಶಿಸಿತು. ಮೂರು ಪ್ರಶ್ನೆಗಳಿಗೂ ಉತ್ತರವಿದ್ದ ಸುದ್ದಿ ಇದು. ಮಾಡಿದ್ದು ಸಣ್ಣ ಸಿಬ್ಬಂದಿಯ ಡಿಜಿಟಲ್ ಸಂಸ್ಥೆಗಳು. ಅವುಗಳಿಗಿಂತ ಹಲವು ಪಟ್ಟು ದೊಡ್ಡ ಬಳಗವಿರುವ ಸುದ್ದಿಮನೆಗಳಿಗೆ ಇದು ಅಸಾಧ್ಯವಾಗಿರಲಿಲ್ಲ.

8. ಎರಡು ಆಕ್ಷೇಪ

ಹಳೆಯ ಕಾಲವನ್ನು ಹೊಗಳುತ್ತಿದ್ದೀರಿ ಎನ್ನಬಹುದು. ಹಳೆಯ ನಗರ ಪುಟಗಳಲ್ಲಿ ಬಸವನಗುಡಿ, ಮಲ್ಲೇಶ್ವರ, ಜಯನಗರಕ್ಕೆ ಸಿಕ್ಕ ಜಾಗ ಕೊಳೆಗೇರಿಗಳಿಗೂ ಹೊರವಲಯದ ಹಳ್ಳಿಗಳಿಗೂ ಸಿಗಲಿಲ್ಲ, ಪೌರಕಾರ್ಮಿಕರ ದನಿ ಕೇಳಿಸಿದ್ದು ಮುಷ್ಕರದ ದಿನ ಮಾತ್ರ ಎಂಬುದನ್ನು ಒಪ್ಪುತ್ತೇನೆ. ಆ ಕೊರತೆಗೆ ಪರಿಹಾರ ವರದಿಯನ್ನು ಹಿಗ್ಗಿಸುವುದು.

ಈಗ ನಾಗರಿಕರೇ ವರದಿಗಾರರು, ಗುಂಡಿಯ ಫೋಟೊ ನಿಮಿಷದಲ್ಲಿ ಎಲ್ಲರಿಗೂ ತಲುಪುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಬಡಾವಣೆಯ ಗುಂಪುಗಳಿಂದ ದೂರು ಬೇಗ ಬಗೆಹರಿಯುವುದುಂಟು. ಆದರೆ ಫೋಟೊ ಗುಂಡಿಯನ್ನು ತೋರಿಸುತ್ತದೆ, ಬಿಲ್ಲನ್ನು ತೋರಿಸುವುದಿಲ್ಲ. ದನಿ ಇರುವ ಬಡಾವಣೆಯ ಗುಂಡಿ ಮುಚ್ಚುತ್ತದೆ, ದನಿಯಿಲ್ಲದ ಬಡಾವಣೆಯದು ಹಾಗೆಯೇ ಉಳಿಯುತ್ತದೆ. ಇಡೀ ಊರಿನ ಪರವಾಗಿ ಕೇಳುವ ಹೊಣೆ ಪತ್ರಿಕೆಯದೇ.

9. ತೀರ್ಮಾನ

ಬೆಂಗಳೂರಿನ ಸ್ಥಳೀಯ ಸುದ್ದಿ ಪ್ರಮಾಣದಲ್ಲಿ ಕುಗ್ಗಿಲ್ಲ, ದಾಖಲೆಯ ಗುಣದಲ್ಲಿ ಕುಗ್ಗಿದೆ. ಹೊಣೆಯನ್ನು ವರದಿಗಾರರೊಬ್ಬರ ಮೇಲೆ ಹೊರಿಸುವುದು ತಪ್ಪು. ಚುನಾವಣೆ ನಡೆಸದ ಸರ್ಕಾರಗಳು, ಅನುಭವಿ ಬೀಟ್ ವರದಿಗಾರರನ್ನು ಉಳಿಸಿಕೊಳ್ಳದ ಸಂಸ್ಥೆಗಳು, ಕಡತ ತೆರೆಯದ ಕಚೇರಿಗಳು ಸಮಪಾಲು ಹೊರಬೇಕು.

ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಐದು ಪಾಲಿಕೆಗಳಿಗೆ ಐವರು ಕಾಯಂ ವರದಿಗಾರರನ್ನು ಪ್ರತಿ ದೊಡ್ಡ ಪತ್ರಿಕೆಯೂ ನೇಮಿಸಬೇಕು. ಒಂದೊಂದು ಪತ್ರಿಕೆಗೂ ಅಷ್ಟು ಶಕ್ತಿಯಿಲ್ಲವಾದರೆ ಪತ್ರಿಕೆಗಳೂ ಜಾಲತಾಣಗಳೂ ಕೂಡಿ ಮಾಡಬಹುದೆಂದು 2022ರ ತನಿಖೆ ತೋರಿಸಿದೆ. ಸಭೆಯ ನಡಾವಳಿ, ಕಾಮಗಾರಿಗಳ ಜಾಬ್ ಕೋಡ್, ಪಾವತಿಯಾದ ಬಿಲ್ಲುಗಳ ಪಟ್ಟಿಯನ್ನು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4ರ ಆಶಯದಂತೆ ಪಾಲಿಕೆಗಳು ತಾವಾಗಿಯೇ ಕನ್ನಡದಲ್ಲಿ ಪ್ರಕಟಿಸಬೇಕು. ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಪಾಲಿಕೆಯ ಬಜೆಟ್ ಮತ್ತು ಅಳತೆ ಪುಸ್ತಕ ಓದುವುದನ್ನು ಪಾಠದೊಳಗೆ ತರಬೇಕು. ಓದುಗರಲ್ಲಿ ಒಂದು ಕೋರಿಕೆ: ನಿಮ್ಮ ವಾರ್ಡಿನ ಸುದ್ದಿ ಓದುವಾಗ ಯಾರ ನಿರ್ಧಾರ, ಯಾರ ಹಣ, ಯಾವ ದಾಖಲೆ ಎಂದು ಕೇಳಿ, ಉತ್ತರವಿಲ್ಲದಿದ್ದರೆ ಸಂಪಾದಕರಿಗೆ ಪತ್ರ ಬರೆಯಿರಿ, ಉತ್ತರ ಕೊಡುವ ಪತ್ರಿಕೆಗೆ ಚಂದಾದಾರರಾಗಿ.