ಹೆಸರಿನ ಆಸರೆ, ಹೆಸರಿನ ಭಾರ

ಸಂತ ಪೌಲನ ಹದಿಮೂರು ಪತ್ರಗಳಿಗೆ ಲ್ಯಾಟಿನ್‌ನಲ್ಲಿ ರಚಿತವಾಗಿ ಪೂರ್ಣವಾಗಿ ಉಳಿದುಬಂದಿರುವ ಅತ್ಯಂತ ಹಳೆಯ ವ್ಯಾಖ್ಯಾನದ ಕರ್ತೃ ಯಾರೆಂಬುದು ಇಂದಿಗೂ ನಿರ್ಣಯವಾಗಿಲ್ಲ. ಮಧ್ಯಯುಗವು ಅದನ್ನು ಮಿಲಾನಿನ ಬಿಷಪ್ ಆಂಬ್ರೋಸನದೆಂದು ಓದಿತು. ಆ ನಂಬಿಕೆ ಕುಸಿದ ಬಳಿಕ ಕರ್ತೃವಿಗೆ ‘ಆಂಬ್ರೋಸಿಯಾಸ್ಟರ್’, ಅಂದರೆ ಹುಸಿ ಆಂಬ್ರೋಸ್, ಎಂಬ ಹೆಸರು ರೂಢವಾಯಿತು. ಈ ಹೆಸರನ್ನಿಟ್ಟವನು ಎರಾಸ್ಮಸ್ ಎಂಬ ಪ್ರಸಿದ್ಧ ಹೇಳಿಕೆಗೂ ಅವನ ಬರಹಗಳಲ್ಲಿ ಆಧಾರವಿಲ್ಲ. ತಪ್ಪನ್ನು ತಿದ್ದಲು ಹುಟ್ಟಿದ ಹೆಸರೇ ಮತ್ತೊಂದು ತಪ್ಪು ಆರೋಪಣೆಗೆ ಎಡೆಯಾಯಿತು.

ಕಾಲನಿರ್ಣಯಕ್ಕೆ ಕೃತಿಯೊಳಗೇ ಸಾಕ್ಷ್ಯವಿದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದ ವ್ಯಾಖ್ಯಾನದಲ್ಲಿ ಸಭೆಯ ಅಂದಿನ ನಾಯಕನಾಗಿ ದಮಾಸಸನ ಹೆಸರು ಬರುತ್ತದೆ. ಅವನು ರೋಮಿನ ಬಿಷಪನಾಗಿದ್ದದ್ದು 366ರಿಂದ 384ರವರೆಗೆ. ಅಗಸ್ಟೀನನ ಹೆಸರಿನಲ್ಲಿ ಪ್ರಚಲಿತವಾಗಿದ್ದ, ಹಳೆಯ ಮತ್ತು ಹೊಸ ಒಡಂಬಡಿಕೆಗಳನ್ನು ಕುರಿತ ಪ್ರಶ್ನೋತ್ತರ ಗ್ರಂಥವೂ ಇದೇ ಲೇಖಕನದೆಂದು ಅಲೆಕ್ಸಾಂಡರ್ ಸೌಟರ್ 1905ರಲ್ಲಿ ಭಾಷೆ, ಶೈಲಿಗಳ ಹೋಲಿಕೆಯಿಂದ ತೋರಿಸಿದರು.

ಈ ಪ್ರಶ್ನೆ ಗ್ರಂಥಸೂಚಿಗೆ ಸೀಮಿತವಾದುದಲ್ಲ. ಸುಮಾರು 420ರಲ್ಲಿ ಪೆಲಾಜಿಯಸ್ ಪಂಥೀಯರನ್ನು ಖಂಡಿಸುತ್ತ ಅಗಸ್ಟೀನನು ರೋಮಾಪುರದವರಿಗೆ ಬರೆದ ಪತ್ರದ 5:12ನೆಯ ವಚನಕ್ಕೆ ಈ ವ್ಯಾಖ್ಯಾನವನ್ನೇ ಉದ್ಧರಿಸಿದನು. ಆದರೆ ‘ಸಂತ ಹಿಲರಿ’ಯ ಹೆಸರಿನಲ್ಲಿ. ಮೂಲ ಗ್ರೀಕಿನಲ್ಲಿ ‘ಏಕೆಂದರೆ’ ಎಂಬರ್ಥಕ್ಕೆ ಎಡೆಯಿರುವಲ್ಲಿ ಲ್ಯಾಟಿನ್ ಪಾಠ ‘ಅವನಲ್ಲಿ’ ಎಂದು ಓದಿಸಿಕೊಳ್ಳುತ್ತದೆ. ಎಲ್ಲರೂ ಆದಾಮನಲ್ಲಿಯೇ ಪಾಪಮಾಡಿದರೆಂಬ ಅರ್ಥ ಅಲ್ಲಿಂದ ಹೊರಡುತ್ತದೆ. ಜನ್ಮಪಾಪದ ವಾದಕ್ಕೆ ಹೀಗೆ ಒಬ್ಬ ಸಂತನ ಸಮ್ಮತಿ ದೊರೆಯಿತು. ಆದರೆ ಅದೇ ವ್ಯಾಖ್ಯಾನಕಾರನು ಮುಂದುವರಿದು, ನರಕದ ಎರಡನೆಯ ಮರಣವು ಆದಾಮನ ಪಾಪದಿಂದಲ್ಲ, ಅವರವರ ಸ್ವಂತ ಪಾಪಗಳಿಂದ ಬರುವುದೆನ್ನುತ್ತಾನೆ. ಉದ್ಧೃತ ವಾಕ್ಯ ಬೆಳೆಯಿತು; ಅದರ ಮಿತಿಯನ್ನು ಹೇಳಿದ ವಾಕ್ಯ ಹಿಂದೆ ಸರಿಯಿತು.

ತಪ್ಪು ಹೆಸರು ಕಾಪಾಡಿದ್ದೂ ಉಂಟು. ಮೊಪ್ಸುಯೆಸ್ತಿಯಾದ ಥಿಯೊಡೋರನನ್ನು 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಖಂಡಿಸಿತು. ಅವನ ಗ್ರೀಕ್ ಕೃತಿಗಳು ಬಹುಪಾಲು ಅಳಿದವು. ಆದರೆ ಗಲಾತ್ಯ ಮೊದಲಾದ ಪೌಲನ ಹತ್ತು ಪತ್ರಗಳಿಗೆ ಅವನು ಬರೆದ ವ್ಯಾಖ್ಯಾನದ ಲ್ಯಾಟಿನ್ ಅನುವಾದವು ಆಂಬ್ರೋಸನ ಹೆಸರಿನ ಆಸರೆಯಲ್ಲಿ ಉಳಿಯಿತು. ಕಾರ್ಬಿ ಮಠದ ಹಸ್ತಪ್ರತಿಯಲ್ಲಿ ಅದು ಆಂಬ್ರೋಸಿಯಾಸ್ಟರನ ಬರಹದ ಬೆನ್ನಿಗೇ ಬರುತ್ತದೆ. 1852ರಲ್ಲಿ ಪಿತ್ರಾ ಅದನ್ನು ಹಿಲರಿಯದೆಂದು ಪ್ರಕಟಿಸಿದರು. ಯಾಕೋಬಿ ಮತ್ತು ಹಾರ್ಟ್ ನಿಜ ಕರ್ತೃವನ್ನು ಗುರುತಿಸಿದರು. ಸ್ವೀಟ್ 1880–82ರಲ್ಲಿ ಅದನ್ನು ಥಿಯೊಡೋರನ ಹೆಸರಿನಲ್ಲಿಯೇ ಸಂಪಾದಿಸಿದರು.

ಆದುದರಿಂದ ತಪ್ಪು ಹೆಸರನ್ನು ಅಳಿಸಿದಲ್ಲಿಗೆ ಸಂಪಾದಕನ ಕೆಲಸ ಮುಗಿಯುವುದಿಲ್ಲ. ಆ ಹೆಸರು ಯಾವ ವಾದಕ್ಕೆ ಬಲವಾಯಿತು, ಯಾವ ಪಠ್ಯವನ್ನು ಉಳಿಸಿತು ಎಂಬುದೂ ಪಠ್ಯದ ಚರಿತ್ರೆಗೇ ಸೇರಿದುದು.