ಕಳ್ಳನ ಕೈಗೆ ಕೀಲಿಕೈ

ಹೊಸ ಕೆಲಸಕ್ಕೆ ಸೇರುವಾಗ ಎಚ್‌ಆರ್‌ನವರು ಕಳಿಸೋ ಫಾರ್ಮು ನಿಮಗೂ ಗೊತ್ತಿರುತ್ತೆ. ಹಳೇ ಕಂಪನಿ, ಹಳೇ ಸಂಬಳ, ಖಾಯಂ ವಿಳಾಸ ಎಲ್ಲ ಆದಮೇಲೆ ಕೆಳಗೆಲ್ಲೋ ಒಂದು ಪ್ರಶ್ನೆ: ನಿಮಗೆ ಯಾವತ್ತಾದರೂ ಕೋರ್ಟಿನಲ್ಲಿ ಶಿಕ್ಷೆಯಾಗಿದೆಯೇ? ನಾವು ಸರಿಯಾಗಿ ಓದೋದೂ ಇಲ್ಲ, ‘ಇಲ್ಲ’ ಅಂತ ಟಿಕ್ ಹಾಕಿ ಮುಂದೆ ಹೋಗ್ತೀವಿ. ‘ಹೌದು’ ಅಂತ ಟಿಕ್ ಹಾಕಬೇಕಾದ ಮನುಷ್ಯ ಮಾತ್ರ ಅಲ್ಲೇ ನಿಂತುಬಿಡ್ತಾನೆ. ಜೈಲಿನಲ್ಲಿ ಪೂರ್ತಿ ಶಿಕ್ಷೆ ಮುಗಿಸಿ ಬಂದಿದ್ದರೂ ಆ ಸಾಲು ದಾಟೋದು ಅವನಿಗೆ ಕಷ್ಟ.

ಅಂಥವರನ್ನು ನಂಬಿದವರನ್ನು ಆಡಿಕೊಳ್ಳೋಕೆ ನಮ್ಮಲ್ಲಿ ಒಂದು ಮಾತೇ ಇದೆ, ‘ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗೆ’ ಅಂತ. ಆದರೆ ನೂರು ವರ್ಷದ ಹಿಂದೆ ನಮ್ಮ ಬೆಳಗಾವಿ ಕಡೆಯವರೊಬ್ಬರು ಹೆಚ್ಚುಕಡಿಮೆ ಇದನ್ನೇ ಮಾಡಿದರು. ಬೇಕಂತಲೇ ಮಾಡಿದರು.

ಅವರ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. ಊರಲ್ಲಿ ತೋಟ ಇರೋರಿಗೆಲ್ಲ ಗೊತ್ತಿರೋ ಪಂಪಿನ ಹೆಸರೇ. 1869ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು ಮಾಡೋಕೆ ಶುರುಮಾಡಿದರು. ಊರು ಬೆಳೆಸೋಕೆ ಆ ಜಾಗ ಬೇಕು ಅಂತ ಪುರಸಭೆಯವರು ಎಬ್ಬಿಸಿದಾಗ ಕಾರ್ಖಾನೆ ಎಲ್ಲಿಗೆ ಹೊತ್ತುಕೊಂಡು ಹೋಗೋದು ಅನ್ನೋ ಚಿಂತೆ ಬಂತು. ಆಗ ಕೈ ಹಿಡಿದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಇವತ್ತು ಬೆಳಗ್ಗೆ ಎದ್ದು ಸೂರ್ಯನಮಸ್ಕಾರ ಹಾಕೋರು ಇವರನ್ನು ನೆನೆಯಬೇಕು, ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಇವರೂ ಒಬ್ಬರು. ಇವರು ಕೊಟ್ಟಿದ್ದು 32 ಎಕರೆ ಬರಡು ಭೂಮಿ. ಬರೀ ಪಾಪಾಸುಕಳ್ಳಿ, ನಾಗರಹಾವು. 1910ರಲ್ಲಿ ಅಲ್ಲೇ ಕಿರ್ಲೋಸ್ಕರ್‌ವಾಡಿ ಎದ್ದಿತು. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಈ ಹೊಸ ಊರಿಗೆ ರಾತ್ರಿ ಕಾವಲುಗಾರರು ಬೇಕಲ್ಲ? ಲಕ್ಷ್ಮಣರಾಯರು ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ಆ ಕೆಲಸಕ್ಕೆ ಇಟ್ಟುಕೊಂಡರು. ಕಾರ್ಖಾನೆ, ಸಾಮಾನು, ಹೆಂಡತಿ ಮಕ್ಕಳು ಮಲಗಿರೋ ಮನೆಗಳು, ಎಲ್ಲ ಅವರ ಕಾವಲಿನಲ್ಲಿ.

ಆ ಕಾಲ ಎಂಥದ್ದು ಅನ್ನೋದನ್ನೂ ನೆನಪಿಡಬೇಕು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನೇ ಹುಟ್ಟುಕಳ್ಳರು ಅಂತ ಪಟ್ಟಿ ಮಾಡಿತ್ತು. ಆಮೇಲೆ ಬಂದ ಇಂಥದ್ದೇ ಕಾಯ್ದೆಯಡಿ ಹುಬ್ಬಳ್ಳಿ, ವಿಜಯಪುರದ ಕಡೆ ‘ಸೆಟ್ಲಮೆಂಟ್’ಗಳಾದವು. ಅಲ್ಲೂ ಸುಧಾರಣೆಯ ಮಾತೇ ಇತ್ತು, ಕೆಲಸ ಕೊಡೋದೂ ಇತ್ತು. ಆದರೆ ಹಾಜರಿ ಹಾಕಬೇಕು, ಅಪ್ಪಣೆ ಇಲ್ಲದೆ ಹೊರಗೆ ಹೋಗೋ ಹಾಗಿಲ್ಲ. ಒಂದು ಕಡೆ ಏನೂ ಮಾಡದವರನ್ನೂ ಕಾಯ್ತಾ ಇದ್ದರು. ಇನ್ನೊಂದು ಕಡೆ ತಪ್ಪು ಮಾಡಿ ಬಂದವರೇ ಊರು ಕಾಯ್ತಾ ಇದ್ದರು. ಎರಡೂ ಒಂದೇ ಕಾಲದ ಕಥೆ, ಅಕ್ಕಪಕ್ಕದ ಜಿಲ್ಲೆಗಳ ಕಥೆ.

ಅದೇ ಔಂಧ್ ಸಂಸ್ಥಾನ ಸುಮಾರು ಮೂವತ್ತು ವರ್ಷ ಆದಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ಸಲದ ನಂಟು ಬೆಂಗಳೂರಿನದು. ಮೈಸೂರು ರಸ್ತೆಯಲ್ಲಿ ‘ಕವಿಕಾ’ ಇದೆಯಲ್ಲ, ಆಗ ಅದು ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಅದನ್ನು ನಡೆಸೋಕೆ ಬಂದವರು ಪೋಲೆಂಡಿನ ಎಂಜಿನಿಯರ್ ಮೌರಿಸ್ ಫ್ರೀಡ್‌ಮನ್. ಕೈತುಂಬ ಸಂಬಳದ ಆ ಕೆಲಸ ಬಿಟ್ಟು, ಖಾದಿ ಹಿಡಿದು, ಭಾರತಾನಂದ ಅನ್ನೋ ಹೆಸರಿಟ್ಟುಕೊಂಡು ಔಂಧಿಗೆ ಹೋದರು. ರಾಜರ ಮಗ ಅಪ್ಪಾಸಾಹೇಬ ಪಂತರು ಅವರ ಸ್ನೇಹಿತರು. ಗಾಂಧೀಜಿಯ ಸಲಹೆ ಪಡೆದು ರಾಜರು ತಮ್ಮ ಅಧಿಕಾರವನ್ನು ಹಳ್ಳಿಗಳಿಗೇ ಬಿಟ್ಟುಕೊಡೋ ಸಂವಿಧಾನವೊಂದು 1939ರಲ್ಲಿ ಜಾರಿಗೆ ಬಂತು. ಆ ಸಂಸ್ಥಾನದ 72 ಹಳ್ಳಿಗಳಲ್ಲಿ ವಿಜಯಪುರದ ಕಡೆಯ ಕನ್ನಡ ಹಳ್ಳಿಗಳೂ ಇದ್ದವು.

ಜನರನ್ನು ನಂಬಿ ರಾಜ್ಯವನ್ನೇ ಕೊಟ್ಟಮೇಲೆ ಕೈದಿಗಳನ್ನು ಮಾತ್ರ ಯಾಕೆ ಬಿಡೋದು? ಅದೇ ವರ್ಷ ಆಟಪಾಡಿಯ ಹತ್ತಿರ ಬಯಲಿನಲ್ಲಿ ‘ಸ್ವತಂತ್ರಪುರ’ ಶುರುವಾಯಿತು. ಕೊಲೆಯಂಥ ದೊಡ್ಡ ಅಪರಾಧಕ್ಕೆ ಶಿಕ್ಷೆಯಾದವರಿಗೂ ಅಲ್ಲಿ ಗೋಡೆ ಇಲ್ಲ, ಬೇಡಿ ಇಲ್ಲ. ಹೊಲ ಮಾಡಬೇಕು, ಹೆಂಡತಿ ಮಕ್ಕಳ ಜೊತೆ ಇರಬಹುದು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, ರಾಜರ ಕಾಲ ಮುಗಿಯಿತು. ಬಯಲು ಜೈಲು ಉಳಿಯಿತು. ಆ ಕಥೆಯನ್ನೇ ಇಟ್ಟುಕೊಂಡು ಶಾಂತಾರಾಂ 1957ರಲ್ಲಿ ‘ದೋ ಆಂಖೇ ಬಾರಹ್ ಹಾಥ್’ ಸಿನಿಮಾ ಮಾಡಿದರು. ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದ ಶಾಂತಾರಾಂ ಅವರೇ.

ಸಿನಿಮಾದಲ್ಲಿ ಕೈದಿಗಳನ್ನು ಬದಲಾಯಿಸೋದು ಜೈಲರನ ಕಣ್ಣುಗಳು. ನೋಡೋಕೆ ಚೆನ್ನಾಗಿದೆ. ಆದರೆ ಕಿರ್ಲೋಸ್ಕರ್‌ವಾಡಿ ಮತ್ತು ಸ್ವತಂತ್ರಪುರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣೋದು ಬೇರೆ. ಅಲ್ಲಿ ಕೊಟ್ಟಿದ್ದು ಬರೀ ಒಳ್ಳೆಯ ಮಾತಲ್ಲ. ದುಡಿಯೋಕೆ ಕೆಲಸ, ಇರೋಕೆ ನೆಲೆ, ‘ಇವನಿಗೆ ನಾನು ಜವಾಬ್ದಾರಿ’ ಅನ್ನೋ ಒಬ್ಬ ಮನುಷ್ಯ. ಮೂರೂ ಸಿಕ್ಕಮೇಲೆ ಕಳೆದುಕೊಳ್ಳೋಕೆ ಅವರ ಹತ್ತಿರ ಏನೋ ಒಂದು ಇತ್ತು. ನಂಬಿಕೆ ಕುರುಡಾಗಿರಲಿಲ್ಲ, ಅದಕ್ಕೊಂದು ವ್ಯವಸ್ಥೆ ಇತ್ತು.

ನಮ್ಮಲ್ಲೂ ಒಂದು ಬಯಲು ಜೈಲಿದೆ, ಕೋರಮಂಗಲದಲ್ಲಿ. ನೀವು ಅಂದುಕೊಂಡ ಸ್ಟಾರ್ಟಪ್‌ಗಳ ಕೋರಮಂಗಲ ಅಲ್ಲ, ದೇವನಹಳ್ಳಿ ತಾಲ್ಲೂಕಿನ ಹಳ್ಳಿ. ನಡತೆ ಚೆನ್ನಾಗಿರೋ ಕೈದಿಗಳು ಅಲ್ಲಿ ಬೇಸಾಯ ಮಾಡ್ತಾರೆ. ಸರ್ಕಾರ ಅಷ್ಟು ನಂಬಿ ಹೊಲಕ್ಕೆ ಬಿಟ್ಟ ಅದೇ ಮನುಷ್ಯ ಬಿಡುಗಡೆಯಾಗಿ ಇನ್ನೊಂದು ಕೋರಮಂಗಲಕ್ಕೆ ಕೆಲಸ ಕೇಳಿಕೊಂಡು ಬಂದರೆ ಎದುರಾಗೋದು ಮತ್ತೆ ಆ ಫಾರ್ಮು.

ಕಾನೂನೂ ಇಲ್ಲಿ ಅರ್ಧಕ್ಕೇ ನಿಂತಿದೆ. ಬ್ರಿಟನ್ನಿನಲ್ಲಿ 1974ರ ಒಂದು ಕಾಯ್ದೆ ಪ್ರಕಾರ, ಇಷ್ಟು ವರ್ಷ ಮತ್ತೆ ತಪ್ಪು ಮಾಡದಿದ್ದರೆ ಹಲವು ಬಗೆಯ ಹಳೇ ಶಿಕ್ಷೆಗಳನ್ನು ಸಾಮಾನ್ಯ ಕೆಲಸಗಳಿಗೆ ಹೇಳಬೇಕಾಗಿಯೇ ಇಲ್ಲ. ನಮ್ಮಲ್ಲಿ ಬಾಲಾಪರಾಧಿಗಳಿಗೆ ಅಂಥ ರಕ್ಷಣೆ ಇದೆ. ಪ್ರೊಬೇಷನ್ ಮೇಲೆ ಬಿಟ್ಟವರಿಗೂ 1958ರ ಕಾಯ್ದೆಯಲ್ಲಿ ಒಂದಿಷ್ಟು ಇದೆ. ಜೈಲಿನಲ್ಲಿ ಶಿಕ್ಷೆ ಮುಗಿಸಿ ಬಂದ ದೊಡ್ಡವರಿಗೆ ಅಂಥ ಕಾಯ್ದೆ ಇಲ್ಲ.

‘ಸರಿ, ನಿಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಅಂಥವರನ್ನು ಇಟ್ಟುಕೊಳ್ತೀರಾ?’ ಅಂತ ಕೇಳಿದರೆ ನಾನೂ ತಡವರಿಸ್ತೀನಿ. ಸುಳ್ಳು ಹೇಳಲಾರೆ. ಕೆಲವು ಅಪರಾಧಗಳಿಗೆ ಕೆಲವು ಕೆಲಸ ಕೊಡಬಾರದು ಅನ್ನೋದೂ ನಿಜ. ನೊಂದವರ ಕಡೆಯಿಂದ ನೋಡಿದರೆ ಈ ಮಾತೆಲ್ಲ ಅಷ್ಟು ಸುಲಭವೂ ಅಲ್ಲ. ಆದರೆ ನಮ್ಮ ಫಾರ್ಮು ಅಷ್ಟೆಲ್ಲ ಯೋಚನೆಯನ್ನೇ ಮಾಡೋದಿಲ್ಲ. ಏನು ತಪ್ಪು, ಎಷ್ಟು ವರ್ಷದ ಹಿಂದಿನದು, ಆಮೇಲೆ ಹೇಗೆ ಬದುಕಿದ, ಏನೂ ಕೇಳೋದಿಲ್ಲ.

ಆ ಪ್ರಶ್ನೆ ತೆಗೆದುಹಾಕಿ ಅಂತ ನಾನು ಹೇಳ್ತಿಲ್ಲ. ‘ಹೌದು’ ಅಂದವನಿಗೆ ಅದರ ಕೆಳಗೆ ನಾಲ್ಕು ಸಾಲು ಬರೆಯೋಕೆ ಜಾಗ ಇರಲಿ. ಅದನ್ನು ಕೂತು ಓದೋಕೆ ಒಬ್ಬರು ಇರಲಿ. ನಮ್ಮಲ್ಲಿ ಎಷ್ಟೋ ಜನ ಈಗ ಇಂಟರ್‌ವ್ಯೂ ಮಾಡೋ ಕಡೆ ಕೂತಿದ್ದೀವಿ. ಆ ಒಬ್ಬರು ನಾವೇ ಆಗಬಹುದು.