ಗೋಡೆಯೇರಿದ ಬಂಡಿಕುದುರೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಮೂಡಿಗೆರೆಗೆ ಬಂದಿದ್ದಾಗ ಹಳೆಯ ಮುದ್ರಿತ ಚಿತ್ರವೊಂದರ ಪ್ರತಿಯನ್ನು ತಂದುಕೊಟ್ಟ. ಬೂದು ಬಣ್ಣದ ಹೆಣ್ಣುಗುದುರೆ, ಹಿಂದೆ ಎರಡು ಎತ್ತರದ ಗಾಲಿಗಳ ಹಗುರ ಬಂಡಿ, ಅದರ ಮೇಲೆ ಲಗಾಮು ಬಿಗಿಹಿಡಿದು ಕುಳಿತ ಸವಾರ. "ಸಾರ್, ಒಂದು ಕಾಲಕ್ಕೆ ಇಂಥವು ಅಲ್ಲಿ ಮನೆಮನೆಯ ಗೋಡೆಯ ಮೇಲೂ ಇದ್ದವಂತೆ. ಇದರ ಕಥೆ ಬರೆಯಿರಿ" ಎಂದ. ಪ್ರಬಂಧ ಬರೆಯಿರೆಂದು ಅವನನ್ನು ಕಾಡಿದವನು ನಾನು. ಈಗ ಅವನ ಸರದಿ.

ಮೊದಲು ಆ ಓಟದ ವಿಚಾರ. ಬೆಂಗಳೂರು, ಮೈಸೂರುಗಳ ಕುದುರೆ ಜೂಜಿನಲ್ಲಿ ಸವಾರನು ಬೆನ್ನೇರಿ ನಾಗಾಲೋಟದಲ್ಲಿ ಓಡಿಸುತ್ತಾನೆ. ಈ ಪಂದ್ಯದಲ್ಲಿ ನಾಗಾಲೋಟ ನಿಷಿದ್ಧ. ಕುದುರೆ ಮೂಲೆಗೆ ಮೂಲೆಯಾಗಿ, ಅಂದರೆ ಮುಂದಿನ ಬಲಗಾಲಿನೊಡನೆ ಹಿಂದಿನ ಎಡಗಾಲನ್ನು ಎತ್ತುತ್ತಾ, ಕುಕ್ಕುಲೋಟದಲ್ಲಿಯೇ ಓಡಬೇಕು. ನಡೆ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಸಾರಥಿಯು ಲಗಾಮು ಜಗ್ಗಿ ಮತ್ತೆ ಹದಕ್ಕೆ ತರಬೇಕು. ವೇಗದಷ್ಟೇ ಸಂಯಮಕ್ಕೂ ಇಲ್ಲಿ ಬೆಲೆ. ಕುಕ್ಕುಲೋಟವು ಪೇಟೆಗೆ ಹೋಗುವ ಬಂಡಿಯ ನಿತ್ಯದ ನಡೆ. ಆದ್ದರಿಂದಲೇ ಬಂಡಿಯುಳ್ಳ ಸಾಮಾನ್ಯನಿಗೂ ಇದು ತನ್ನದೇ ಆಟವೆನಿಸಿತು.

ಆ ಚಿತ್ರಗಳನ್ನು ಹೆಚ್ಚಾಗಿ ಅಚ್ಚು ಹಾಕಿದ್ದು ನ್ಯೂಯಾರ್ಕಿನ 'ಕರಿಯರ್ ಅಂಡ್ ಐವ್ಸ್' ಸಂಸ್ಥೆ. ನಥಾನಿಯಲ್ ಕರಿಯರ್ 1830ರ ದಶಕದಲ್ಲಿ ಆರಂಭಿಸಿದ ಈ ಮುದ್ರಣಾಲಯಕ್ಕೆ 1857ರಲ್ಲಿ ಜೇಮ್ಸ್ ಐವ್ಸ್ ಪಾಲುದಾರನಾದ. ಅವರದು ಕಲ್ಲಚ್ಚು: ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಕಲ್ಲನ್ನು ತೇವಗೊಳಿಸಿ ಮಸಿ ಸವರಿದರೆ, ಜಿಡ್ಡಿರುವಲ್ಲಿ ಮಾತ್ರ ಮಸಿ ಹತ್ತುತ್ತದೆ. ಇದು ನಮಗೆ ಅಪರಿಚಿತವಲ್ಲ. ಘಟ್ಟದ ಕೆಳಗೆ ಮಂಗಳೂರಿನಲ್ಲಿ 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿಯೇ ಮುದ್ರಿತವಾಯಿತು. ನ್ಯೂಯಾರ್ಕಿನಲ್ಲಿ ಕಪ್ಪು ಗೆರೆಯ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬಿದವರು ಸಾಲಾಗಿ ಕುಳಿತ ಹೆಂಗಸರು. ಒಬ್ಬಾಕೆಗೆ ಒಂದೇ ಬಣ್ಣ. ಚಿಕ್ಕ ಚಿತ್ರಕ್ಕೆ ಕೆಲವೇ ಸೆಂಟು, ದೊಡ್ಡದಕ್ಕೆ ಒಂದರಿಂದ ಮೂರು ಡಾಲರು. 1907ರಲ್ಲಿ ಮುಚ್ಚುವ ಹೊತ್ತಿಗೆ ಸಂಸ್ಥೆ 7,000ಕ್ಕೂ ಹೆಚ್ಚು ಬಗೆಯ ಚಿತ್ರಗಳನ್ನು ಹೊರತಂದಿತ್ತು. ಬಂಡಿಕುದುರೆಗಳ ಚಿತ್ರಗಳನ್ನು ಬರೆದವರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಲೂಯಿ ಮೌರರ್ ಪ್ರಸಿದ್ಧ.

ವಿದ್ಯಾರ್ಥಿ ತಂದ ಚಿತ್ರದ ಕುದುರೆ 'ಲೇಡಿ ಸಫೋಕ್'. 1833ರಲ್ಲಿ ಹುಟ್ಟಿದ ಇದು ಮೊದಲು ವ್ಯಾಪಾರಿಯೊಬ್ಬನ ಸರಕು ಬಂಡಿ ಎಳೆಯುತ್ತಿತ್ತೆಂದು ಪ್ರತೀತಿ. 1845ರಲ್ಲಿ ಬಂಡಿ ಎಳೆದುಕೊಂಡೇ ಒಂದು ಮೈಲಿಯನ್ನು 2 ನಿಮಿಷ 29.5 ಸೆಕೆಂಡಿನಲ್ಲಿ ಓಡಿತು. ಎರಡೂವರೆ ನಿಮಿಷದ ಗಡಿಯನ್ನು ಹಾಗೆ ದಾಟಿದ್ದು ಅದೇ ಮೊದಲು. 1859ರಲ್ಲಿ 'ಫ್ಲೋರಾ ಟೆಂಪಲ್' ಎಂಬ ಮೋಟುಬಾಲದ ಪುಟ್ಟ ಕುದುರೆ 2 ನಿಮಿಷ 20 ಸೆಕೆಂಡಿಗೂ ಕಡಿಮೆಯಲ್ಲಿ ಗುರಿ ಮುಟ್ಟಿತು. ಇವುಗಳ ಚಿತ್ರಗಳನ್ನು ಜನ ಕೊಂಡು ಗೋಡೆಗೆ ತೂಗಿದರು. ಅರಸರ ಕುದುರೆಗಳಲ್ಲ, ದುಡಿದ ಕುದುರೆಗಳು. ಚಿತ್ರದ ಕೆಳಗೆ ಅವುಗಳ ಹೆಸರಿತ್ತು.

ಇಲ್ಲಿಗೆ ಬಂದಾಗ ನನ್ನ ಮನಸ್ಸು ನಮ್ಮ ಮನೆಯ ಗೋಡೆಯತ್ತ ಹೊರಳಿತು. ನಮ್ಮಲ್ಲಿಯೂ ಅಗ್ಗದ ಅಚ್ಚಿನ ಚಿತ್ರಗಳಿಗೆ ಬರವಿರಲಿಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ ಲಕ್ಷ್ಮೀ ಸರಸ್ವತಿಯರನ್ನು ಬಡವರ ಮನೆಗೂ ತಂದಿತು. ನಂತರ ಕಲಬುರಗಿಯ ಎಸ್. ಎಂ. ಪಂಡಿತರಂಥವರ ಪುರಾಣಚಿತ್ರಗಳು ಕ್ಯಾಲೆಂಡರುಗಳಲ್ಲಿ ಬಂದವು. ನಮ್ಮ ಜಗಲಿಯಲ್ಲಿ ತೂಗುತ್ತಿದ್ದುದು ಗೀತೋಪದೇಶ. ರಥಕ್ಕೆ ಕಟ್ಟಿದ ನಾಲ್ಕು ಬಿಳಿಯ ಕುದುರೆಗಳು, ಲಗಾಮು ಹಿಡಿದ ಶ್ರೀಕೃಷ್ಣ. ಬಂಡಿಗೆ ಕಟ್ಟಿದ ಕುದುರೆ ನಮ್ಮ ಗೋಡೆಯನ್ನೂ ಏರಿತ್ತು, ಆದರೆ ಅದು ದೇವರ ಕುದುರೆ.

ಅಂಗಳದಲ್ಲಿ ಮಾತ್ರ ಬೇರೆಯೇ ಜೋಡಿ ನಿಂತಿರುತ್ತಿತ್ತು. ಈ ಬೆಟ್ಟಗಳ ಕಾಫಿಯನ್ನು ಲಾರಿಗಳು ಬರುವ ಮೊದಲು ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸಿದ್ದು ಎತ್ತಿನ ಗಾಡಿಗಳು. ಇಳಿಜಾರಿನಲ್ಲಿ ಭಾರವನ್ನು ಕೊರಳಲ್ಲಿ ತಡೆದು ನಿಂತ ಆ ಎತ್ತುಗಳಿಗೆ ನಾವು ಹಬ್ಬದಲ್ಲಿ ಪೂಜೆ ಮಾಡಿದೆವು, ಹೆಸರಿಟ್ಟು ಕರೆದೆವು, ಚಿತ್ರ ಬರೆಸಲಿಲ್ಲ. ನಮ್ಮ ತಂದೆಯ ಕೊನೆಯ ಜೋಡಿಯಲ್ಲಿ ಒಂದರ ಹೆಸರು ನನಗೆ ನೆನಪಿದೆ, ಇನ್ನೊಂದರದು ಮರೆತುಹೋಗಿದೆ. ಕೇಳೋಣವೆಂದರೆ ಬಲ್ಲವರು ಯಾರೂ ಉಳಿದಿಲ್ಲ.

2020ರ ಫೆಬ್ರವರಿಯಲ್ಲಿ ಕರಾವಳಿಯ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಚಿತ್ರವನ್ನು ಮೊಬೈಲಿನಲ್ಲಿ ಜಗತ್ತೇ ನೋಡಿತು. ಕೆಸರು ಚಿಮ್ಮುವ ಆ ಚಿತ್ರ ಕಂಡು ನನಗೆ ಸಂತೋಷವಾಯಿತು. ನೊಗ ಹೊತ್ತ ಪ್ರಾಣಿಗೂ ಅದರೊಡನೆ ಓಡುವ ಮನುಷ್ಯನಿಗೂ ಕಡೆಗೂ ಜನರ ಚಿತ್ರದಲ್ಲಿ ಒಂದು ಸ್ಥಾನ ಸಿಕ್ಕಿತು. ಆದರೆ ಅಂಗೈಯ ಚಿತ್ರ ಮರುದಿನಕ್ಕೆ ಸರಿದುಹೋಗುತ್ತದೆ. ಗೋಡೆಯ ಚಿತ್ರ ಮಕ್ಕಳು ಬೆಳೆಯುವವರೆಗೂ ಎದುರಿಗಿರುತ್ತದೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಮದುವೆ ದಿಬ್ಬಣದ ಹಿಂದೆಯೋ ಕಣದ ಮೂಲೆಯಲ್ಲೋ ಒಂದು ಜೋಡಿ ಎತ್ತು ನಿಂತಿದ್ದರೆ, ಮನೆಯ ಹಿರಿಯರನ್ನು ಕೇಳಿ ಅವುಗಳ ಹೆಸರನ್ನು ಚಿತ್ರದ ಹಿಂದೆ ಬರೆದಿಡಿ. ಗಾಡಿ ಹೊಡೆದವನ ಹೆಸರನ್ನೂ ಬರೆಯಿರಿ. ನಾಳೆ ಎನ್ನಬೇಡಿ.